ಮೂರು ಹಂತದ ಕೇಕು ಮತ್ತು ಕಾಣದ ಕಡ್ಡಿಗಳು

ತಪಸ್ಸುಕಾಲದ ನಲವತ್ತು ದಿನಗಳು ಕಳೆದು ಪಾಸ್ಖ ಹಬ್ಬದ ಗಂಟೆ ಮೊಳಗಿತೆಂದರೆ ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಯ ಕಾಲ ಬಂದಿತೆಂದೇ ಅರ್ಥ. ತಪಸ್ಸುಕಾಲದಲ್ಲಿಯೂ ಆಗಮನಕಾಲದಲ್ಲಿಯೂ ಮದುವೆಯ ಸಡಗರವನ್ನು ಇಟ್ಟುಕೊಳ್ಳದಿರುವುದು ಹಿರಿಯರಿಂದ ನಮಗೆ ಬಂದಿರುವ ರೂಢಿ. ಆದುದರಿಂದ ಏಪ್ರಿಲ್ ಮತ್ತು ಮೇ ತಿಂಗಳ ಆದಿತ್ಯವಾರಗಳಲ್ಲಿ ಬಲಿಪೂಜೆಯ ಕೊನೆಗೆ ನಾವು ಓದುವ ಮದುವೆಯ ಪ್ರಕಟಣೆಗಳ ಪಟ್ಟಿ ಉದ್ದವಾಗುತ್ತದೆ. ರೋಸಿನ ತೆಂಗಿನ ಹಾಲು, ವಧುವಿನ ಕೆಂಪು ಸಾಡೊ, ಬ್ಯಾಂಡಿನವರ ಮುಂಗಡ, ಸಭಾಂಗಣದ ಬಾಡಿಗೆ ಎಂದು ಮನೆಯವರ ಲೆಕ್ಕದ ಪುಸ್ತಕದಲ್ಲಿ ಸಾಲುಗಳು ಬೆಳೆಯುತ್ತ ಹೋಗುತ್ತವೆ. ಆ ಸಾಲುಗಳ ನಡುವೆ ಎಲ್ಲಿಯೋ ಒಂದು ಕಡೆ ‘ಕೇಕು’ ಎಂಬ ಎರಡಕ್ಷರವೂ ಇರುತ್ತದೆ. ಈ ವಾರ ನಾವು ಆ ಎರಡಕ್ಷರದ ಕುರಿತು ಬರೆಯಬೇಕೆಂದಿದ್ದೇವೆ.

ಧರ್ಮಗುರುಗಳಿಗೂ ಕೇಕಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ವಿವಾಹ ಸಂಸ್ಕಾರದ ವಿಧಿಯಲ್ಲಿ ಕೇಕಿಗೆ ಸ್ಥಾನವಿಲ್ಲ. ವಧೂವರರು ಪರಸ್ಪರ ನೀಡುವ ಸಮ್ಮತಿಯಿಂದಲೇ ಮದುವೆ ಮದುವೆಯಾಗುತ್ತದೆ. ಕೇಕಿಲ್ಲದ ಮದುವೆಯೂ ಪೂರ್ಣ ಮದುವೆಯೇ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದಾಗ, ಒಂದು ವಸ್ತುವಿನ ಸಾರ ಯಾವುದು, ಅದಕ್ಕೆ ಅಂಟಿಕೊಂಡು ಬರುವ ಬಾಹ್ಯ ಗುಣಗಳು ಯಾವುವು ಎಂದು ಬೇರ್ಪಡಿಸಿ ನೋಡುವುದನ್ನು ಅರಿಸ್ಟಾಟಲನಿಂದ ಕಲಿತೆವು. ಆ ಲೆಕ್ಕದಲ್ಲಿ ಕೇಕು ತೀರಾ ಬಾಹ್ಯವಾದದ್ದು. ಆದರೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕ ಸೇವೆಯಲ್ಲಿ ನಾವು ಕಂಡುಕೊಂಡ ಇನ್ನೊಂದು ಸತ್ಯವಿದೆ. ಕುಟುಂಬಗಳು ಸಾಲಕ್ಕೆ ಬೀಳುವುದು, ನೆಂಟರು ಮುನಿಸಿಕೊಳ್ಳುವುದು, ತಾಯಂದಿರು ರಾತ್ರಿ ನಿದ್ದೆಗೆಡುವುದು ಹೆಚ್ಚಾಗಿ ಈ ಬಾಹ್ಯ ವಿಷಯಗಳಿಗಾಗಿಯೇ. ಹಾಗಿರುವಾಗ ಅವುಗಳನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ.

ಊಟದ ಮೇಜನ್ನು ಕೇಳಿದ ಹುಡುಗಿ

ನಮ್ಮದು ಮಲ್ಲಿಗೆ ಬೆಳೆಯುವ ಊರು. ಇಲ್ಲಿನ ಒಬ್ಬ ತಾಯಿ, ಪತಿಯನ್ನು ಕಳೆದುಕೊಂಡ ಬಳಿಕ, ಹಿತ್ತಿಲಿನ ಮಲ್ಲಿಗೆ ಗಿಡಗಳನ್ನು ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವರು. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಪೇಟೆಗೆ ಕಳುಹಿಸುವುದು ಅವರ ನಿತ್ಯದ ದುಡಿಮೆ. ಹಿರಿಯ ಮಗಳ ಮದುವೆ ಪಾಸ್ಖದ ಅನಂತರ ನಿಶ್ಚಯವಾಯಿತು. ವರನ ಮನೆಯವರು ಸಜ್ಜನರು, ಏನನ್ನೂ ಕೇಳಿರಲಿಲ್ಲ. ಆದರೆ ಆ ಮನೆಯ ಹಿಂದಿನ ಎರಡು ಮದುವೆಗಳಲ್ಲಿ ಮೂರು ಹಂತದ ಬಿಳಿಯ ಕೇಕು ಇತ್ತೆಂಬುದನ್ನು ತಾಯಿ ಕಂಡಿದ್ದರು. ಕೇಳದೆ ಇದ್ದುದನ್ನು ಕೊಡದಿದ್ದರೆ ಜನರು ಏನೆನ್ನುವರೋ ಎಂಬ ಚಿಂತೆ ಅವರನ್ನು ಕಾಡಿತು. ಪೇಟೆಯಲ್ಲಿ ವಿಚಾರಿಸಿದಾಗ ತಿಳಿದ ಬೆಲೆ ಅವರ ಕೈಗೆ ಎಟಕುವಂತಿರಲಿಲ್ಲ. ‘ಡಮ್ಮಿ’ ತೆಗೆದುಕೊಳ್ಳಿ ಎಂದು ನೆಂಟರೊಬ್ಬರು ಸಲಹೆ ನೀಡಿದರು. ಥರ್ಮಾಕೋಲಿನ ಹಂತಗಳಿಗೆ ಸಕ್ಕರೆಯ ಹೊದಿಕೆ ಹಾಕಿ, ಚೂರಿ ಆಡಿಸುವಷ್ಟು ಜಾಗದಲ್ಲಿ ಮಾತ್ರ ನಿಜವಾದ ಕೇಕನ್ನು ಇಡುವ ಈ ಏರ್ಪಾಡು ಈಗ ನಮ್ಮಲ್ಲಿ ಸಾಮಾನ್ಯವಾಗಿದೆ.

ಕಿರಿಯ ಮಗಳು ಒಪ್ಪಲಿಲ್ಲ. “ಅಕ್ಕನ ಕೇಕು ನಾನೇ ಮಾಡುತ್ತೇನೆ” ಎಂದಳು. ಹಬ್ಬಗಳಿಗೆ, ಧರ್ಮೋಪದೇಶ ತರಗತಿಯ ಮಕ್ಕಳಿಗೆ ಅವಳು ಮಾಡಿದ ಕೇಕನ್ನು ನಾವೂ ತಿಂದದ್ದುಂಟು. ಆದರೆ ಹಂತದ ಮೇಲೆ ಹಂತವನ್ನು ಅವಳು ಎಂದೂ ಇಟ್ಟವಳಲ್ಲ. ಫಾಂಡೆಂಟ್ ಎಂಬ ಸಕ್ಕರೆಯ ಹೊದಿಕೆಯನ್ನು ಮುಟ್ಟಿದವಳೂ ಅಲ್ಲ. ಒಂದು ಸಂಜೆ ತಾಯಿ ಅವಳನ್ನು ಗುರುಮನೆಗೆ ಕರೆತಂದರು.

“ಫಾದರ್, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ನಾನೂರು ಜನರ ಎದುರು ಕೇಕು ಕುಸಿದುಬಿದ್ದರೆ ಅದರೊಂದಿಗೆ ನಮ್ಮ ಮರ್ಯಾದೆಯೂ ಬೀಳುತ್ತದೆ” ಎಂದರು.

“ನನಗೆ ನಿಮ್ಮ ಊಟದ ಮೇಜು ಬೇಕು ಫಾದರ್” ಎಂದಳು ಹುಡುಗಿ. “ಅಷ್ಟು ಅಗಲದ ಮೇಜು ನಮ್ಮ ಮನೆಯಲ್ಲಿಲ್ಲ.”

ನಾವು ಇಬ್ಬರ ಮಾತನ್ನೂ ಕೇಳಿದೆವು. ತಾಯಿಯ ಭಯ ಸುಳ್ಳಾಗಿರಲಿಲ್ಲ. ಮಗಳ ಬಯಕೆಯೂ ಹುಡುಗಾಟವಾಗಿರಲಿಲ್ಲ. ಮದುವೆಗೆ ಎರಡು ವಾರ ಮೊದಲು ಒಂದು ಚಿಕ್ಕ ಕೇಕಿನ ಮೇಲೆ ಪ್ರಯೋಗ ನಡೆಸಬೇಕು, ಅದನ್ನು ನೋಡಿದ ಬಳಿಕವೇ ತೀರ್ಮಾನ ಎಂಬ ಷರತ್ತಿನೊಂದಿಗೆ ಮೇಜನ್ನು ಬಿಟ್ಟುಕೊಟ್ಟೆವು.

ಹಿಂದಿನ ಕಾಲದ ಮಾತು

ಆ ದಿನಗಳಲ್ಲಿ ನಾವೂ ಕುತೂಹಲದಿಂದ ಒಂದಿಷ್ಟು ಓದಿಕೊಂಡೆವು. ಮದುವೆಯಲ್ಲಿ ಹಿಟ್ಟಿನ ತಿನಿಸನ್ನು ಹಂಚಿಕೊಳ್ಳುವ ಪದ್ಧತಿ ಕ್ರೈಸ್ತ ಧರ್ಮಕ್ಕಿಂತಲೂ ಹಳೆಯದು. ಪ್ರಾಚೀನ ರೋಮಿನ ಕುಲೀನರಲ್ಲಿ ‘ಕನ್‌ಫರ್ರೆಯಾಸಿಯೊ’ ಎಂಬ ವಿವಾಹವಿಧಿ ಇತ್ತು. ಹತ್ತು ಮಂದಿ ಸಾಕ್ಷಿಗಳ ಎದುರು, ‘ಫಾರ್’ ಎಂಬ ಹಳೆಯ ಗೋಧಿಯ ರೊಟ್ಟಿಯನ್ನು ಅರ್ಪಿಸಿ ಅವರು ಮದುವೆಯಾಗುತ್ತಿದ್ದರು. ಆ ವಿಧಿಯ ಹೆಸರೇ ಆ ಧಾನ್ಯದಿಂದ ಬಂದದ್ದು.

ನಾವಿಂದು ಕಾಣುವ ಬಿಳಿಯ ಕೇಕು ಮಾತ್ರ ಇಂಗ್ಲೆಂಡಿನ ಕೊಡುಗೆ. 1840ರಲ್ಲಿ ರಾಣಿ ವಿಕ್ಟೋರಿಯಾರ ಮದುವೆಗೆ ಮಾಡಿದ ಕೇಕು ಸುಮಾರು 300 ಪೌಂಡು ತೂಗುತ್ತಿತ್ತಂತೆ. ಆಗ ಶುಭ್ರವಾದ ಬಿಳಿ ಸಕ್ಕರೆ ದುಬಾರಿ ವಸ್ತು. ಕೇಕು ಬಿಳಿಯಾದಷ್ಟೂ ಮನೆತನ ದೊಡ್ಡದು. ಮೊಟ್ಟೆಯ ಬಿಳಿಯಲ್ಲಿ ಸಕ್ಕರೆಯನ್ನು ಕಲಸಿ ಬಳಿಯುವ, ಒಣಗಿದ ಮೇಲೆ ಗಾರೆಯಂತೆ ಗಟ್ಟಿಯಾಗುವ ‘ರಾಯಲ್ ಐಸಿಂಗ್’ ಆ ಕಾಲದ್ದು. ನಮ್ಮ ತಂದೆತಾಯಿಯರ ಮದುವೆಯ ಕೇಕುಗಳೂ ಈ ಜಾತಿಯವೇ. ಅವುಗಳನ್ನು ಕತ್ತರಿಸುವಾಗ ಮದುಮಗನ ತೋಳಿನ ಬಲದ ಪರೀಕ್ಷೆಯಾಗುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು.

ಡಮ್ಮಿಗೂ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಸಕ್ಕರೆಗೆ ಪಡಿತರ ಬಂದು, 1940ರಲ್ಲಿ ಬ್ರಿಟನ್ ಸರಕಾರ ಕೇಕಿನ ಮೇಲೆ ಸಕ್ಕರೆ ಬಳಿಯುವುದನ್ನೇ ನಿಷೇಧಿಸಿತು. ಮದುವೆಯ ಮನೆಯವರು ಅಲಂಕರಿಸಿದ ರಟ್ಟಿನ ಹಂತಗಳನ್ನು ಬಾಡಿಗೆಗೆ ತಂದು, ಅದರ ಅಡಿಯಲ್ಲಿ ಒಂದು ಬಡ ಕೇಕನ್ನು ಇಟ್ಟು, ಛಾಯಾಚಿತ್ರ ತೆಗೆದ ಬಳಿಕ ರಟ್ಟನ್ನು ಎತ್ತಿ ಕೇಕನ್ನು ಹಂಚುತ್ತಿದ್ದರು. ಯುದ್ಧ ಮುಗಿದು ಎರಡು ವರ್ಷವಾದರೂ ಪಡಿತರ ಮುಗಿದಿರಲಿಲ್ಲ. 1947ರ ನವೆಂಬರಿನಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗ ಒಂಬತ್ತು ಅಡಿ ಎತ್ತರದ ನಾಲ್ಕು ಹಂತದ ಕೇಕಿಗೆ ಆಸ್ಟ್ರೇಲಿಯಾದ ಗರ್ಲ್ ಗೈಡ್ಸ್ ಬಾಲಿಕೆಯರು ಸಾಮಗ್ರಿಗಳನ್ನು ಕಳುಹಿಸಿಕೊಟ್ಟಿದ್ದರು. ಆದುದರಿಂದ ಕೈಲಾಗದ ಕಾಲದಲ್ಲಿ ರಟ್ಟಿನ ಕೇಕನ್ನು ಇಟ್ಟವರನ್ನು ನಾವು ಹಳಿಯಲಾರೆವು. ಇಂದಿನ ಡಮ್ಮಿಯ ಹಿಂದೆಯೂ ಎಷ್ಟೋ ಬಾರಿ ಒಬ್ಬ ತಾಯಿಯ ಸಂಕಟವಿರುತ್ತದೆ. ನಾವು ಕೇಳುವ ಪ್ರಶ್ನೆ ಇಷ್ಟೇ: ಮೂರು ಹಂತ ಕಾಣಿಸಲೇಬೇಕೆಂದು ನಮ್ಮನ್ನು ಬಲವಂತಪಡಿಸುವವರು ಯಾರು?

ಸಕ್ಕರೆಯ ಹಿಟ್ಟು

ಫಾಂಡೆಂಟ್ ಎಂಬುದು ಕರಗು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಸಕ್ಕರೆ ಪಾಕವನ್ನು ಕುದಿಸಿ ಕಡೆದು ಮಾಡುವ ಮಿಠಾಯಿಗೆ ಮೊದಲು ಈ ಹೆಸರಿತ್ತು. ಈಗ ಕೇಕಿಗೆ ಹೊದಿಸುವ ಹಾಳೆಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಸಿದ್ಧ ಫಾಂಡೆಂಟ್ ಪೇಟೆಯಲ್ಲಿ ಸಿಗುತ್ತದೆ. ಹಣ ಉಳಿಸಲೆಂದು ಹುಡುಗಿ ಮನೆಯಲ್ಲಿಯೇ ಮಾಡಿದಳು. ಆಸಕ್ತರಿಗಾಗಿ ಅದರ ಲೆಕ್ಕವನ್ನು ಕೊಡುತ್ತೇವೆ. ಸುಮಾರು 10 ಗ್ರಾಂ ಜೆಲಟಿನನ್ನು 60 ಮಿಲಿಲೀಟರ್ ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಬೇಕು, ಕುದಿಸಬಾರದು. ಅದಕ್ಕೆ ಅರ್ಧ ಕಪ್ ಲಿಕ್ವಿಡ್ ಗ್ಲೂಕೋಸ್, ಒಂದು ದೊಡ್ಡ ಚಮಚ ಗ್ಲಿಸರಿನ್, ಎರಡು ದೊಡ್ಡ ಚಮಚ ವನಸ್ಪತಿ ಸೇರಿಸಿ, ಜರಡಿ ಹಿಡಿದ 900 ಗ್ರಾಂ ಐಸಿಂಗ್ ಸಕ್ಕರೆಗೆ ಸುರಿದು ನಾದಬೇಕು. ಹಿಟ್ಟು ನುಣುಪಾದ ಮೇಲೆ ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ರಾತ್ರಿ ಬಿಡಬೇಕು.

ಕರಾವಳಿಯವರು ಇಲ್ಲೊಂದು ವಿಷಯವನ್ನು ತಿಳಿದಿರಬೇಕು. ಸಕ್ಕರೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ; ಗ್ಲಿಸರಿನ್‌ಗೂ ಅದೇ ಗುಣ. ಒಣ ಹವೆಯ ನಾಡಿನವರಿಗೆ ಬರೆದ ಲೆಕ್ಕವನ್ನು ನಮ್ಮ ಮೇ ತಿಂಗಳ ಸೆಕೆಯಲ್ಲಿ ಹಾಗೆಯೇ ಪಾಲಿಸಿದರೆ ಹಿಟ್ಟು ಕೈಗಂಟುತ್ತದೆ. ಗ್ಲಿಸರಿನನ್ನು ಕಡಿಮೆ ಮಾಡಿ ಸಕ್ಕರೆಯನ್ನು ಒಂದು ಮುಷ್ಟಿ ಹೆಚ್ಚಿಸುವುದು ಒಳಿತು. ನಮ್ಮ ಮದುವೆಗಳೆಲ್ಲ ಕೂಡಿಬರುವುದು ಈ ಹೊದಿಕೆಗೆ ಅತ್ಯಂತ ಕಷ್ಟವಾದ ಋತುವಿನಲ್ಲಿಯೇ.

ಇದನ್ನು ಹುಡುಗಿ ಪ್ರಯೋಗದ ಕೇಕಿನಿಂದ ಕಲಿತಳು. ಆರು ಅಂಗುಲದ ಆ ಕೇಕಿಗೆ ಹೊದಿಕೆ ಚೆನ್ನಾಗಿಯೇ ಕೂತಿತ್ತು. ಸೆಕೆಗೆ ಕೆಡಬಾರದೆಂದು ಅವಳು ಅದನ್ನು ರಾತ್ರಿ ಶೀತಕಪಾಟಿನಲ್ಲಿಟ್ಟಳು. ಬೆಳಿಗ್ಗೆ ಹೊರತೆಗೆದ ಕೆಲವು ನಿಮಿಷಗಳಲ್ಲಿ, ತಣ್ಣೀರಿನ ಲೋಟ ಬೆವರುವಂತೆ, ಕೇಕಿನ ಮೈಮೇಲೆಲ್ಲ ಹನಿಗಳು ಮೂಡಿದವು. ಹೊದಿಕೆ ಜಿಗುಟಾಗಿ ಹೊಳೆಯತೊಡಗಿತು. ಮುಟ್ಟಿದಲ್ಲಿ ಬೆರಳಚ್ಚು ಬಿದ್ದಿತು. ತಾಯಿ ಅದನ್ನು ನೋಡಿ ಮಾತನಾಡದೆ ಮನೆಗೆ ಹೋದರು. ಅಂದು ಸಂಜೆ ಅವರು ಡಮ್ಮಿ ಮಾಡುವವರ ವಿಳಾಸ ವಿಚಾರಿಸಿದ್ದು ನಮ್ಮ ಕಿವಿಗೂ ಬಿದ್ದಿತು.

ಹೊದಿಕೆ ಮುಚ್ಚುವುದಿಲ್ಲ

ಮರುದಿನ ನಾವೊಬ್ಬ ಹಿರಿಯರನ್ನು ಕರೆಸಿದೆವು. ಗಲ್ಫಿನ ಹೋಟೆಲೊಂದರ ಕೇಕಿನ ವಿಭಾಗದಲ್ಲಿ ಬಹುಕಾಲ ದುಡಿದು ಊರಿಗೆ ಮರಳಿ ನೆಲೆಸಿದವರು ಅವರು. ಕೆಟ್ಟ ಕೇಕನ್ನು ಸುತ್ತ ತಿರುಗಿಸಿ ನೋಡಿ, ಬೆವರಿನ ವಿಷಯವನ್ನು ಬಿಟ್ಟು, ಬದಿಯ ಮೇಲೆ ಅಂಗೈ ಆಡಿಸಿದರು.

“ಇಲ್ಲಿ ಒಂದು ಗುಳಿ ಇದೆ, ಇಲ್ಲಿ ಒಂದು ಉಬ್ಬು. ಮಗಳೇ, ಇದು ಮೇಲಿನ ಹಾಳೆಯ ತಪ್ಪಲ್ಲ, ಒಳಗಿನದ್ದು. ಫಾಂಡೆಂಟ್ ಹಾಕಿದರೆ ಎಲ್ಲ ಮುಚ್ಚುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಅದು ಏನನ್ನೂ ಮುಚ್ಚುವುದಿಲ್ಲ” ಎಂದರು.

ಈ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಹಾಳೆಯ ದಪ್ಪ ಮೂರು ನಾಲ್ಕು ಮಿಲಿಮೀಟರ್ ಮಾತ್ರ. ಅದರ ಅಡಿಯಲ್ಲಿ ಕೇಕು ವಾಲಿದ್ದರೆ ಹಾಳೆಯೂ ವಾಲುತ್ತದೆ; ಗುಳಿಯಿದ್ದರೆ ಗುಳಿ ಬೀಳುತ್ತದೆ. ಗೋಡೆಯ ಗಾರೆ ಸರಿಯಿಲ್ಲದಿದ್ದರೆ ಸುಣ್ಣ ಬಳಿದಷ್ಟೂ ಡೊಂಕು ಎದ್ದು ಕಾಣುವಂತೆಯೇ ಇದು. ಆದುದರಿಂದ ಮೊದಲ ಬಾರಿ ಕೈಹಾಕುವವರು ತಮ್ಮ ಸಮಯದ ಹೆಚ್ಚಿನ ಪಾಲನ್ನು ಹೊದಿಕೆಗಲ್ಲ, ಅದರ ಅಡಿಯ ಕೆಲಸಕ್ಕೆ ಕೊಡಬೇಕೆಂಬುದು ಆ ಹಿರಿಯರ ಬೋಧನೆ. ಕೇಕಿನ ಉಬ್ಬಿದ ತಲೆಯನ್ನು ಕತ್ತರಿಸಿ ಸಮಗೊಳಿಸಬೇಕು, ಅಡಿಯನ್ನು ಮೇಲೆ ಮಾಡಿ ಇಡಬೇಕು, ಸಂದುಗಳನ್ನು ತುಂಬಬೇಕು, ಬಳಿಕ ಒಂದು ಒಳಪದರವನ್ನು ಕೂಡಿಸಬೇಕು. ಬೆಣ್ಣೆಯ ಪದರ ನಮ್ಮ ಸೆಕೆಗೆ ಕರಗುತ್ತದೆ. ಹಣ್ಣಿನ ಕೇಕಿಗೆ ಮಾರ್ಜಿಪಾನ್ ಸೂಕ್ತ. ಪರದೇಶದವರು ಬಾದಾಮಿಯಿಂದ ಮಾಡುವ ಮಾರ್ಜಿಪಾನನ್ನು ನಮ್ಮ ಮನೆಗಳಲ್ಲಿ ಗೋಡಂಬಿಯಿಂದ ಮಾಡುವುದು ಎಲ್ಲರಿಗೂ ತಿಳಿದದ್ದೇ. ಕೇಕಿಗೆ ಬಿಸಿಮಾಡಿದ ಜಾಮ್ ಸವರಿ, ಅದರ ಮೇಲೆ ಮಾರ್ಜಿಪಾನ್ ಹಾಸಿ, ಒಂದೆರಡು ದಿನ ಆರಲು ಬಿಟ್ಟರೆ ಹಣ್ಣಿನ ಕಂದು ಬಣ್ಣ ಹೊರಗಿನ ಬಿಳಿಗೆ ಇಳಿಯುವುದಿಲ್ಲ.

ಹುಡುಗಿ ಒಂದು ತಿಂಗಳ ಹಿಂದೆಯೇ ಹತ್ತು, ಎಂಟು, ಆರು ಅಂಗುಲದ ಮೂರು ಹಣ್ಣಿನ ಕೇಕುಗಳನ್ನು ಸುಟ್ಟು ಇಟ್ಟಿದ್ದಳು. ಮದುವೆಯ ವಾರದ ಮಂಗಳವಾರ ಮಾರ್ಜಿಪಾನ್ ಕೆಲಸ ಮುಗಿಯಿತು. ಗುರುಮನೆಯಲ್ಲಿ ಅತ್ಯಂತ ಒಣಗಿದ ಕೋಣೆ ಯಾವುದೆಂದು ಹಿರಿಯರು ಕೇಳಿದಾಗ ನಾವು ಜ್ಞಾನಸ್ನಾನದ ದಾಖಲೆ ಪುಸ್ತಕಗಳಿರುವ ಕೋಣೆಯನ್ನು ತೋರಿಸಿದೆವು. ಮೂರು ಕೇಕುಗಳು ರಟ್ಟಿನ ಪೆಟ್ಟಿಗೆಗಳಲ್ಲಿ, ನೂರು ವರ್ಷದ ಹೆಸರುಗಳ ಮಗ್ಗುಲಲ್ಲಿ ಮಲಗಿದವು. ಇರುವೆ ಬಾರದಂತೆ ಮೇಜಿನ ನಾಲ್ಕು ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಲಾಯಿತು.

ಗುರುವಾರದ ರಾತ್ರಿ

ಗುರುವಾರ ಸಂಜೆ ಹೊದಿಕೆಯ ಕೆಲಸ. ಹಾಳೆಯನ್ನು ಎಷ್ಟು ಅಗಲಕ್ಕೆ ಲಟ್ಟಿಸಬೇಕೆಂಬುದಕ್ಕೆ ಸರಳವಾದ ಲೆಕ್ಕವಿದೆ. ಕೇಕಿನ ಅಗಲಕ್ಕೆ ಅದರ ಎತ್ತರವನ್ನು ಎರಡು ಬಾರಿ ಕೂಡಿಸಬೇಕು. ಹತ್ತು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಕೇಕಿಗೆ ಹದಿನೆಂಟು ಅಂಗುಲ. ಅಂಚಿಗೆಂದು ಇನ್ನೆರಡು ಅಂಗುಲ. ಈ ಇಪ್ಪತ್ತು ಅಂಗುಲಕ್ಕಾಗಿಯೇ ಅವಳಿಗೆ ನಮ್ಮ ಊಟದ ಮೇಜು ಬೇಕಾಗಿದ್ದದ್ದು. ಮೇಜಿನ ಮೇಲೆ ಕಾರ್ನ್‌ಫ್ಲೋರ್ ಉದುರಿಸಿ, ಹಾಳೆಯನ್ನು ಆಗಾಗ ತಿರುಗಿಸುತ್ತ ಲಟ್ಟಿಸಬೇಕು. ಮಾರ್ಜಿಪಾನ್ ಮೇಲೆ ಕುದಿಸಿ ಆರಿಸಿದ ನೀರನ್ನು ತೆಳುವಾಗಿ ಸವರಿ, ಹಾಳೆಯನ್ನು ಲಟ್ಟಣಿಗೆಗೆ ಸುತ್ತಿ ತಂದು ಕೇಕಿನ ಮೇಲೆ ಬಿಡಬೇಕು. ಮೊದಲು ತಲೆಯನ್ನು, ಅನಂತರ ಅಂಚನ್ನು, ಕೊನೆಗೆ ಬದಿಗಳನ್ನು ಅಂಗೈಯಿಂದ ಸವರಿ ಕೂಡಿಸಬೇಕು. ನೆರಿಗೆ ಬಂದಲ್ಲಿ ಕೆಳಕ್ಕೆ ಎಳೆಯಬಾರದು. ಲಂಗದ ಅಂಚನ್ನು ಬಿಡಿಸುವಂತೆ ಹೊರಕ್ಕೆ ಬಿಡಿಸಿ ಮೆಲ್ಲನೆ ಒಳಕ್ಕೆ ಒತ್ತಬೇಕು. ಗಾಳಿಗುಳ್ಳೆ ಕಂಡರೆ ಸಣ್ಣ ಗುಂಡುಸೂಜಿಯಿಂದ ಚುಚ್ಚಿ ಬೆರಳಿನಿಂದ ಸವರಬೇಕು.

ಚಿಕ್ಕ ಎರಡು ಕೇಕುಗಳು ಚೆನ್ನಾಗಿ ಬಂದವು. ದೊಡ್ಡದಕ್ಕೆ ಹೊದಿಸುವಾಗ ಹಾಳೆಯ ಭಾರಕ್ಕೆ ಅಂಚು ಹರಿಯಿತು. ಒಂದು ಬೆರಳಿನಷ್ಟಿದ್ದ ಸೀಳು ಅವಳು ಮುಚ್ಚಲು ಹೋದಂತೆಲ್ಲ ಗೇಣುದ್ದವಾಯಿತು. ರಾತ್ರಿ ಒಂಬತ್ತು ಗಂಟೆ ದಾಟಿತ್ತು. ಮರುದಿನ ಶುಕ್ರವಾರ ರೋಸ್, ಶನಿವಾರ ಮದುವೆ. ಹುಡುಗಿ ಕುರ್ಚಿಯಲ್ಲಿ ಕುಳಿತು ಅತ್ತಳು. ನಮಗೆ ಆಗ ಉಪದೇಶದ ಮಾತುಗಳು ಹಲವು ನೆನಪಾದವು. ಒಂದನ್ನೂ ಆಡದಿದ್ದುದೇ ಲೇಸಾಯಿತು.

ಮಾತನಾಡಿದವರು ನಮ್ಮ ಅಡಿಗೆಯವರು. ಬಾಗಿಲಿನ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಅವರು, “ಹಪ್ಪಳದ ಹಿಟ್ಟನ್ನು ಹೀಗೆ ಬಿಚ್ಚಿಟ್ಟರೆ ಒಡೆಯದೆ ಇರುತ್ತದೆಯೇ? ನೀನು ಎರಡು ಚಿಕ್ಕದನ್ನು ಮುಗಿಸುವಷ್ಟು ಹೊತ್ತು ಈ ಹಿಟ್ಟು ಗಾಳಿಗೆ ಬಿದ್ದಿತ್ತು, ಫ್ಯಾನೂ ತಿರುಗುತ್ತಿತ್ತು” ಎಂದರು. ಕಾರಣ ಅದುವೇ ಆಗಿತ್ತು. ತೇವವೇ ಶತ್ರುವೆಂದು ಎರಡು ವಾರಗಳಿಂದ ಹೆದರಿದ್ದ ನಾವೆಲ್ಲರೂ ಒಣಗಾಳಿಯೂ ಶತ್ರುವಾಗಬಲ್ಲದೆಂಬುದನ್ನು ಮರೆತಿದ್ದೆವು.

ಹರಿದ ಹಾಳೆಗೆ ಮಾರ್ಜಿಪಾನಿನ ಹಳದಿ ಅಂಟಿದ್ದರಿಂದ ಅದನ್ನು ಮತ್ತೆ ಹೊದಿಸುವಂತಿರಲಿಲ್ಲ. ಅದನ್ನು ಕೇಕಿನಡಿಯ ಹಲಗೆಗೆ ಹಾಸಲು ತೆಗೆದಿಟ್ಟೆವು. ಹೊಸ ಹಿಟ್ಟಿಗೆ ಐಸಿಂಗ್ ಸಕ್ಕರೆ ಸಾಲದು, ಅಂಗಡಿ ಮುಚ್ಚಿತ್ತು. ಅಡಿಗೆಯವರು ಗುರುಮನೆಯ ಸಕ್ಕರೆಯ ಡಬ್ಬಿಯನ್ನು ತಂದು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿದರು. ತಾಯಿ ತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೆಳು ಬಟ್ಟೆಯಲ್ಲಿ ಅದನ್ನು ಮೂರು ಬಾರಿ ಸೋಸಿದರು. ಡಮ್ಮಿಯ ವಿಳಾಸ ಕೇಳಿದ್ದ ಅದೇ ತಾಯಿ. ರಾತ್ರಿ ನೆನೆಯಲು ಬಿಡುವಷ್ಟು ಸಮಯವಿಲ್ಲದೆ ಹಿಟ್ಟನ್ನು ಬೆಳಗಿನ ನಾಲ್ಕು ಗಂಟೆಯವರೆಗೆ ಮಾತ್ರ ಇಟ್ಟು, ಬಲಿಪೂಜೆಯ ಮೊದಲ ಗಂಟೆಗೆ ಮುನ್ನ ದೊಡ್ಡ ಕೇಕಿಗೆ ಹೊದಿಕೆ ಹಾಕಿದರು. ಹಿಂಬದಿಯಲ್ಲಿ ಒಂದು ನೆರಿಗೆ ಉಳಿಯಿತು. ಬಣ್ಣವೂ ಮೇಲಿನ ಎರಡಕ್ಕಿಂತ ತುಸು ಕೆನೆಯಂತಿತ್ತು. ಉಳಿದಂತೆ ಹೊದಿಕೆ ನೇರವಾಗಿ ಕೂತಿತು, ಏಕೆಂದರೆ ಒಳಗಿನ ಕೆಲಸ ನೇರವಾಗಿತ್ತು.

ಅಲಂಕಾರಕ್ಕೆಂದು ಹುಡುಗಿ ಗುಲಾಬಿಗಳನ್ನು ಮಾಡಬೇಕೆಂದಿದ್ದಳು. ತಾಯಿ ಉಳಿದ ಸಕ್ಕರೆಯ ಹಿಟ್ಟನ್ನು ಚಿವುಟಿ, ಬೆರಳುಗಳ ನಡುವೆ ಹೊಸೆದು, ಒಂದು ಮಲ್ಲಿಗೆ ಮೊಗ್ಗನ್ನು ಮಾಡಿ ಮೇಜಿನ ಮೇಲಿಟ್ಟರು. ಮತ್ತೊಂದನ್ನು ಮಾಡಿದರು. ಮೂವತ್ತು ವರ್ಷ ಮೊಗ್ಗನ್ನೇ ಮುಟ್ಟಿದ ಬೆರಳುಗಳಿಗೆ ಅಚ್ಚು ಬೇಕಾಗಿರಲಿಲ್ಲ. ಮೂರೂ ಹಂತಗಳ ಬುಡಕ್ಕೆ ಮೊಗ್ಗಿನ ಸಾಲು ಸುತ್ತಿ ಬಂದಿತು. ಹಿಂಬದಿಯ ನೆರಿಗೆಯ ಮೇಲೆ ಮಾತ್ರ ಅವರು ಒಂದು ಹಿಡಿ ಹೆಚ್ಚು ಅಂಟಿಸಿದರು.

ಕಾಣದ ಕಡ್ಡಿಗಳು

ಶುಕ್ರವಾರ ಮಧ್ಯಾಹ್ನ ಹಿರಿಯರು ಮತ್ತೆ ಬಂದು, “ಒಳಗೆ ಕಂಬ ಎಷ್ಟು?” ಎಂದು ಕೇಳಿದರು. ಕಂಬವೆಂದರೆ ಹಂತಗಳ ಒಳಗೆ ನೆಡುವ ಕಡ್ಡಿಗಳು. ರಾಯಲ್ ಐಸಿಂಗಿನ ಕಾಲದಲ್ಲಿ ಗಟ್ಟಿಯಾದ ಹೊರಪದರದ ಮೇಲೆಯೇ ಕಂಬ ನಿಲ್ಲಿಸಿ ಮೇಲಿನ ಹಂತವನ್ನು ಇಡುತ್ತಿದ್ದರು. ಫಾಂಡೆಂಟ್ ಮೆತ್ತಗಿನದು, ಅದು ಭಾರ ಹೊರುವುದಿಲ್ಲ. ನಮ್ಮ ಕೇಕಿನ ಮೇಲಿನ ಎರಡು ಹಂತಗಳೇ ಸುಮಾರು ಆರು ಕಿಲೋ ತೂಗುತ್ತಿದ್ದವು. ಆ ಭಾರವನ್ನು ಕೆಳಗಿನ ಕೇಕಿನ ಮೇಲೆ ನೇರವಾಗಿ ಹೇರಿದರೆ ಅದು ಗಂಟೆಗಳ ಕಾಲ ಸೆಕೆಯಲ್ಲಿ ನಿಂತು, ನಿಧಾನವಾಗಿ ಬದಿಗಳಲ್ಲಿ ಉಬ್ಬಿ ಬಿರುಕು ಬಿಡುತ್ತದೆ.

ಆದುದರಿಂದ ಮೇಲಿನ ಪ್ರತಿಯೊಂದು ಹಂತವನ್ನೂ ಅದರದೇ ಅಳತೆಯ ರಟ್ಟಿನ ಹಲಗೆಯ ಮೇಲೆ ಕೂಡಿಸಿ, ಕೆಳಗಿನ ಕೇಕಿನೊಳಗೆ ಕಡ್ಡಿಗಳನ್ನು ನೆಡುತ್ತಾರೆ. ದೊಡ್ಡದರಲ್ಲಿ ಐದು, ನಡುವಿನದರಲ್ಲಿ ನಾಲ್ಕು. ಮೇಲಿನ ಹಲಗೆಯ ವೃತ್ತದ ಒಳಗೇ ಅವು ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಹಂತದ ಕಡ್ಡಿಗಳೆಲ್ಲ ಒಂದೇ ಎತ್ತರಕ್ಕೆ, ಕೇಕಿನ ಮೈಗೆ ಸರಿಸಮವಾಗಿ ಕತ್ತರಿಸಿರಬೇಕು. ಒಂದು ಕಡ್ಡಿ ಒಂದು ಕೂದಲೆಳೆ ಉದ್ದವಾದರೂ ಇಡೀ ಭಾರ ಅದರ ಮೇಲೆ ಬಿದ್ದು ಹಂತ ವಾಲುತ್ತದೆ. ಒಂದು ಗಿಡ್ಡವಾದರೆ ಅದು ಹೆಸರಿಗೆ ಮಾತ್ರ ಇರುತ್ತದೆ. ಸರಿಯಾಗಿ ನೆಟ್ಟಾಗ ಮೇಲಿನ ಭಾರ ಹಲಗೆಗೆ, ಹಲಗೆಯಿಂದ ಕಡ್ಡಿಗಳಿಗೆ, ಕಡ್ಡಿಗಳಿಂದ ಅಡಿಯ ಹಲಗೆಗೆ ಇಳಿಯುತ್ತದೆ. ಕೆಳಗಿನ ಕೇಕಿಗೆ ಅದರ ಸ್ವಂತ ಭಾರವಲ್ಲದೆ ಬೇರೆ ಯಾವುದೂ ತಟ್ಟುವುದಿಲ್ಲ.

ಹುಡುಗಿ ಕಡ್ಡಿಗಳನ್ನು ಕೈಯಲ್ಲಿ ಹಿಡಿದು, “ಮೊದಲು ಆಶೀರ್ವಾದ ಮಾಡಿ ಫಾದರ್” ಎಂದಳು. ಮೊದಲು ಅಳೆದು ಕತ್ತರಿಸು, ಆಶೀರ್ವಾದ ಆಮೇಲೆ ಎಂದೆವು. ಹಾಸ್ಯಕ್ಕೆ ಆಡಿದ ಮಾತಲ್ಲ. ಕೈಕಸುಬಿನ ಒಳಿತು ಮಾಡುವವರ ಸದುದ್ದೇಶದಲ್ಲಿಲ್ಲ, ಮಾಡಿದ ವಸ್ತುವಿನಲ್ಲಿಯೇ ಇದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಸದ್ಭಾವನೆಯಿಂದ ಗಿಡ್ಡವಾಗಿ ಕತ್ತರಿಸಿದ ಕಡ್ಡಿಯೂ ಗಿಡ್ಡವೇ. ಅವಳು ಒಂಬತ್ತು ಕಡ್ಡಿಗಳನ್ನು ಅಳೆದು, ಕತ್ತರಿಸಿ, ಜೋಡಿಸಿ ನೋಡಿ, ಮೂರನ್ನು ಮತ್ತೆ ಕತ್ತರಿಸಿದಳು. ಬಳಿಕ ಕೈತೊಳೆದು ಅಕ್ಕನ ರೋಸಿಗೆ ಓಡಿದಳು.

ಶನಿವಾರ ಮೂರು ಹಂತಗಳೂ ಮೂರು ಪೆಟ್ಟಿಗೆಗಳಲ್ಲಿ ಸಭಾಂಗಣಕ್ಕೆ ಹೋದವು. ಅಲ್ಲಿಯೇ ಒಂದರ ಮೇಲೊಂದನ್ನು ಇಟ್ಟದ್ದು. ನಾವು ಬಲಿಪೂಜೆ ಮುಗಿಸಿ ಹೋಗುವಷ್ಟರಲ್ಲಿ ಕೇಕು ನಿಂತಿತ್ತು. ಎರಡು ಗಂಟೆಯ ಸೆಕೆಯಲ್ಲಿಯೂ, ಬ್ಯಾಂಡಿನ ಅಬ್ಬರದಲ್ಲಿಯೂ ನಿಂತೇ ಇತ್ತು. ಮದುಮಕ್ಕಳು ಕತ್ತರಿಸಿದರು, ತುಂಡುಗಳು ನಾನೂರು ಕೈಗಳಿಗೆ ಹೋದವು. ವರನ ತಾಯಿ ಮೊಗ್ಗಿನ ಸಾಲನ್ನು ಬೆರಳಿನಿಂದ ಮುಟ್ಟಿ, ಇದನ್ನು ಯಾರಿಂದ ಮಾಡಿಸಿದಿರೆಂದು ಕೇಳಿದರು. “ಮನೆಯಲ್ಲಿಯೇ ಮಾಡಿದ್ದು ಬಾಯಿ” ಎಂದು ನಮ್ಮ ತಾಯಿ ಉತ್ತರಿಸಿದರು. ಆ ಧ್ವನಿಯಲ್ಲಿ ಕೆಲವು ವಾರಗಳ ಹಿಂದಿನ ಭಯ ಇರಲಿಲ್ಲ.

ಪ್ರಿಯ ಓದುಗರೇ, ಬಂಡೆಯ ಮೇಲೆ ಮನೆ ಕಟ್ಟಿದ ಜಾಣನ ಸಾಮತಿಯನ್ನು ನಾವು ಎಷ್ಟೋ ಮದುವೆಗಳಲ್ಲಿ ವಿವರಿಸಿದ್ದೇವೆ. ಅಡಿಪಾಯ ಕಣ್ಣಿಗೆ ಕಾಣುವುದಿಲ್ಲವೆಂದೂ ಹೇಳಿದ್ದೇವೆ. ಅದರ ಅರ್ಥವನ್ನು ಈ ಬಾರಿ ಒಂಬತ್ತು ಕಡ್ಡಿಗಳು ನಮಗೇ ತಿಳಿಸಿಕೊಟ್ಟವು. ದಾಂಪತ್ಯದಲ್ಲಿಯೂ ಮೇಲಿನ ಹೊದಿಕೆ ಒಳಗಿನ ಗುಳಿಯನ್ನು ಮುಚ್ಚುವುದಿಲ್ಲ, ತೋರಿಸುತ್ತದೆ. ಭಾರ ಹೊರುವುದು ದಿನನಿತ್ಯದ ಸಣ್ಣ ನಿಷ್ಠೆಗಳು. ಅವೂ ಗಂಡಹೆಂಡಿರ ನಡುವೆ ಸರಿಸಮ ಎತ್ತರಕ್ಕೆ ಇರಬೇಕು. ಒಬ್ಬರೇ ಉದ್ದವಾಗಿ ನಿಂತರೆ ಇಡೀ ಭಾರ ಅವರ ಮೇಲೆಯೇ ಬೀಳುತ್ತದೆ.

ಮನೆಯವರಿಗೆ ಇನ್ನೊಂದು ಮಾತು. ಮೂರು ಹಂತಕ್ಕೆ ಶಕ್ತಿಯಿಲ್ಲದಿದ್ದರೆ ಒಂದು ಹಂತ ಸಾಕು. ಅದರಿಂದ ಯಾವ ಮದುವೆಯೂ ಚಿಕ್ಕದಾಗುವುದಿಲ್ಲ. ಆದರೆ ನಿಮ್ಮ ಮಗಳೋ ಮಗನೋ ‘ನಾನೇ ಮಾಡುತ್ತೇನೆ’ ಎಂದು ಮುಂದೆ ಬಂದರೆ ತಡೆಯಬೇಡಿ. ಮಾಡಿ ಕಲಿಯಬೇಕಾದದ್ದನ್ನು ಮಾಡುವುದರಿಂದಲೇ ಕಲಿಯುತ್ತೇವೆಂದು ಅರಿಸ್ಟಾಟಲ್ ಬಹಳ ಹಿಂದೆಯೇ ತಿಳಿಸಿದ್ದಾನೆ. ಅವರಿಗೆ ಒಂದು ಅಗಲವಾದ ಮೇಜನ್ನು ಕೊಡಿ, ಎರಡು ವಾರದ ಸಮಯ ಕೊಡಿ, ಕೆಡಿಸಲು ಒಂದು ಕೇಕಿನ ಖರ್ಚನ್ನು ಕೊಡಿ.

ಸೋಮವಾರ ಬೆಳಿಗ್ಗೆ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಒಂಬತ್ತು ಕಡ್ಡಿಗಳು ತೊಳೆದು ಒಣಗಲು ಇಟ್ಟದ್ದು ಕಂಡಿತು. ಮದುವೆಗೆ ಬಂದವರಾರೂ ಅವುಗಳನ್ನು ನೋಡಿರಲಿಲ್ಲ. ಮುಂದಿನ ತಿಂಗಳು ಇನ್ನೊಂದು ಮನೆಯವರು ಹುಡುಗಿಗೆ ಎರಡು ಹಂತದ ಕೇಕನ್ನು ಹೇಳಿದ್ದಾರಂತೆ. ನಮ್ಮ ಊಟದ ಮೇಜು ಮತ್ತೆ ಮೂರು ದಿನ ಅವಳ ವಶಕ್ಕೆ ಹೋಗಲಿದೆ. ನಾವು ಅಡಿಗೆಮನೆಯ ಮಣೆಯ ಮೇಲೆ ಕುಳಿತು ಉಣ್ಣಲು ಸಿದ್ಧರಿದ್ದೇವೆ.